ಪ್ರೀಮಿಯರ್ ಸ್ಟುಡಿಯೋ: ಚಲನಚಿತ್ರದಿಂದ ದೂರದರ್ಶನಕ್ಕೆ

1984ರಲ್ಲಿ ‘ಹಮ್ ಲೋಗ್’ ಜನಪ್ರಿಯವಾದ ಮೇಲೆ, ಸ್ವತಂತ್ರ ಚಿತ್ರನಿರ್ಮಾಪಕರು ಹಲವರು ದೂರದರ್ಶನದ ಧಾರಾವಾಹಿಗಳತ್ತ ತಿರುಗಿದರು. ‘ಅಬ್ದುಲ್ಲಾ’ ಚಿತ್ರವನ್ನು ನಿರ್ಮಿಸಿ ನಿರ್ದೇಶಿಸಿದ್ದ ಸಂಜಯ್ ಖಾನರು ಅವರಲ್ಲೊಬ್ಬರು. ಭಗವಾನ್ ಗಿಡ್ವಾನಿಯವರ ಕಾದಂಬರಿಯನ್ನು ಆಧರಿಸಿದ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣವನ್ನು ಅವರು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಕೈಗೊಂಡರು. ಶ್ರೀರಂಗಪಟ್ಟಣವೂ ಸಮೀಪವೇ. ಆದರೆ ಎಂ. ಎನ್. ಬಸವರಾಜಯ್ಯನವರು ಆ ಸ್ಟುಡಿಯೋವನ್ನು ಕಟ್ಟಿದ್ದು ಚಲನಚಿತ್ರಗಳಿಗಾಗಿ.

1989ರ ಫೆಬ್ರವರಿ 8ರಂದು ಅಲ್ಲಿ ಬೆಂಕಿ ಹೊತ್ತಿತು. ಮಡಿದವರು 62 ಮಂದಿ. ಸಡಿಲವಾದ ವಿದ್ಯುತ್ ತಂತಿ, ಗಾಳಿಗಂಡಿಗಳ ಅಭಾವ, ಗೋಡೆಗೆ ಹೊದಿಸಿದ್ದ ಗೋಣಿಚೀಲಗಳು, ಭಾರೀ ದೀಪಗಳ ಕಾವು, ಇವೇ ಕಾರಣಗಳೆಂದು ಪರಿಗಣಿಸಲಾಯಿತು. ಗೋಣಿತಟ್ಟು ಪ್ರತಿಧ್ವನಿಯನ್ನು ತಗ್ಗಿಸುತ್ತದೆ. ಬೇಗನೆ ಉರಿಯುತ್ತದೆ ಕೂಡ. ಈ ಕಾರಣಗಳಲ್ಲಿ ಯಾವುದೂ ದೂರದರ್ಶನಕ್ಕೆ ವಿಶಿಷ್ಟವಾದುದಲ್ಲವೆಂಬುದನ್ನು ಗಮನಿಸಬೇಕು. ಬಂಡವಾಳವೂ ಕಥೆಯೂ ಹೊಸ ಮಾಧ್ಯಮಕ್ಕೆ ಸಾಗಿದುವು. ಕಟ್ಟಡದ ಅಭ್ಯಾಸಗಳು ಹಳೆಯವೇ ಆಗಿದ್ದುವೆಂದು ನಮ್ಮ ಅಭಿಪ್ರಾಯ.

ತೀವ್ರವಾಗಿ ಸುಟ್ಟ ಗಾಯಗಳಾಗಿದ್ದ ಸಂಜಯ್ ಖಾನರು ಅನೇಕ ಶಸ್ತ್ರಚಿಕಿತ್ಸೆಗಳ ಅನಂತರ ಚೇತರಿಸಿಕೊಂಡು ಟಿಪ್ಪುವಿನ ಪಾತ್ರವನ್ನು ಪೂರೈಸಿದರು. ಧಾರಾವಾಹಿಯು 1990ರಲ್ಲಿ ಪ್ರಸಾರವಾಯಿತು. ಅವರ ಆತ್ಮಕಥೆಯೂ 2018ರಲ್ಲಿ ಹೊರಬಂದಿತು. ಮಡಿದವರು ಮಾತ್ರ ಈ ಇತಿಹಾಸದಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಒಂದು ಅಂಕಿಯಾಗಿಯೇ.