ಅಡುಗೆ ಪಾತ್ರೆ ಹಾಗೂ ಆಹಾರ ಶೇಖರಣೆಯಲ್ಲಿ ಪ್ಲಾಸ್ಟಿಕ್‌ಗೆ ಬದಲಿ ಸಾಮಗ್ರಿಗಳು: ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಹೋಟೆಲ್, ಖಾನಾವಳಿ, ರೊಟ್ಟಿ ಕೇಂದ್ರ, ಬೇಕರಿ ಹಾಗೂ ಮಸಾಲೆ ಪುಡಿ ತಯಾರಿಕಾ ಘಟಕಗಳಿಗೆ ಆಹಾರ ಸುರಕ್ಷತಾ ನೋಂದಣಿ ಅಥವಾ ಉದ್ದಿಮೆ ಪರವಾನಗಿ ಕೋರಿ ಅರ್ಜಿ ಸಲ್ಲಿಸುವವರು, ಸ್ವಸಹಾಯ ಸಂಘಗಳ ಸದಸ್ಯರು ಹಾಗೂ ಗೃಹ ಬಳಕೆದಾರರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಆಹಾರಕ್ಕೆ ಪ್ಲಾಸ್ಟಿಕ್ ಬಳಸುವ ಬಗ್ಗೆ ಕಾನೂನಿನಲ್ಲಿ ಯಾವುದು ನಿಷಿದ್ಧ, ಯಾವುದು ನಿಷಿದ್ಧವಲ್ಲದಿದ್ದರೂ ಬಿಡುವುದು ಲೇಸು, ಅದರ ಬದಲಿಗೆ ಏನನ್ನು ಬಳಸಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಾನೂನಿನ ಸ್ಥಿತಿ

ಕರ್ನಾಟಕ ಸರ್ಕಾರವು ಪರಿಸರ (ಸಂರಕ್ಷಣೆ) ಅಧಿನಿಯಮ, 1986ರ ಅಡಿಯಲ್ಲಿ ದಿನಾಂಕ 11-03-2016ರಂದು ಹೊರಡಿಸಿದ ಅಧಿಸೂಚನೆಯ ಮೂಲಕ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಆಹಾರಕ್ಕೆ ಸುತ್ತುವ ತೆಳು ಹಾಳೆ ಹಾಗೂ ಊಟದ ಮೇಜಿನ ಮೇಲೆ ಹಾಸುವ ಹಾಳೆಗಳ ತಯಾರಿಕೆ, ಸರಬರಾಜು, ಮಾರಾಟ ಮತ್ತು ಬಳಕೆಯನ್ನು ನಿಷೇಧಿಸಿದೆ. ಸದರಿ ನಿಷೇಧಕ್ಕೆ ದಪ್ಪದ ಮಿತಿ ಇರುವುದಿಲ್ಲ. ಥರ್ಮಾಕೋಲ್ ಸಾಮಗ್ರಿಗಳೂ ಇದರಲ್ಲಿ ಸೇರಿವೆ. ತದನಂತರ ಕೇಂದ್ರ ಸರ್ಕಾರವು 2021ರ ಆಗಸ್ಟ್‌ನಲ್ಲಿ ತಿದ್ದುಪಡಿ ಮಾಡಿದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ, ದಿನಾಂಕ 01-07-2022ರಿಂದ ಏಕಬಳಕೆಯ ತಟ್ಟೆ, ಲೋಟ, ಚಮಚ, ಹೀರುಕೊಳವೆ, ಸಿಹಿತಿಂಡಿ ಪೆಟ್ಟಿಗೆಗೆ ಸುತ್ತುವ ಹಾಳೆ ಮುಂತಾದವು ದೇಶದಾದ್ಯಂತ ನಿಷೇಧಗೊಂಡಿವೆ. ಕಾರಣ, ಮದುವೆ, ಜಾತ್ರೆ ಮತ್ತು ಅನ್ನಸಂತರ್ಪಣೆಗಳ ಸಂದರ್ಭದಲ್ಲಿ "ದಪ್ಪನೆಯದು, ಆದ್ದರಿಂದ ಅಡ್ಡಿಯಿಲ್ಲ" ಎಂದು ಅಂಗಡಿಯವರು ಹೇಳುವ ಮಾತನ್ನು ನಂಬತಕ್ಕದ್ದಲ್ಲ.

ಮನೆಯಲ್ಲಿ ಪುನಃ ಪುನಃ ಬಳಸುವ ಪ್ಲಾಸ್ಟಿಕ್ ಡಬ್ಬಿ, ಬಾಟಲಿ ಮತ್ತು ಕೊಡಗಳು ಈ ನಿಷೇಧದ ವ್ಯಾಪ್ತಿಗೆ ಬರುವುದಿಲ್ಲ. ಅವುಗಳ ವಿಷಯದಲ್ಲಿ ಆಯ್ಕೆ ಬಳಕೆದಾರರದ್ದೇ ಆಗಿರುತ್ತದೆ.

ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಸೇರುವುದೇನು

ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನಾಗಲಿ, ಅದರಿಂದ ಮಾಡಿದ ಕೆಂಪು ಖಾರವನ್ನಾಗಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟವರಿಗೆ, ಎಷ್ಟು ತೊಳೆದರೂ ಹೋಗದ ಕೆಂಪು ಕಲೆಯ ಅನುಭವ ಇದ್ದೇ ಇರುತ್ತದೆ. 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಈ ಮೆಣಸಿನಕಾಯಿಯು ಖಾರಕ್ಕಿಂತ ಬಣ್ಣಕ್ಕೆ ಹೆಸರಾದುದು. ಅದರ ಬಣ್ಣವು ನೀರಿನಲ್ಲಿ ಕರಗದೆ ಎಣ್ಣೆಯಲ್ಲಿ ಕರಗುವಂಥದು. ಪ್ಲಾಸ್ಟಿಕ್ ಸಹ ಗುಣದಲ್ಲಿ ಎಣ್ಣೆಗೆ ಹತ್ತಿರದ ವಸ್ತುವಾದ್ದರಿಂದ ಬಣ್ಣವು ಡಬ್ಬಿಯ ಒಳಮೈಗೆ ಇಳಿಯುತ್ತದೆ. ಆಹಾರದಿಂದ ಪ್ಲಾಸ್ಟಿಕ್‌ಗೆ ಹೀಗೆ ದಾರಿ ಇರುವಂತೆಯೇ ಪ್ಲಾಸ್ಟಿಕ್‌ನಿಂದ ಆಹಾರಕ್ಕೂ ದಾರಿ ಇದೆ. ಪ್ಲಾಸ್ಟಿಕ್ ಅನ್ನು ಮೃದುಗೊಳಿಸಲು, ಬಣ್ಣ ಕೊಡಲು, ಬಾಳಿಕೆ ಬರಿಸಲು ಸೇರಿಸಿದ ರಾಸಾಯನಿಕಗಳು ಅಲ್ಪ ಪ್ರಮಾಣದಲ್ಲಿ ಆಹಾರಕ್ಕೆ ಸೇರುತ್ತವೆ.

ಕಾನೂನು ಕೂಡ ಇದನ್ನು ಒಪ್ಪಿಕೊಂಡೇ ಮಿತಿಯನ್ನು ಹಾಕಿದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಪ್ಯಾಕೇಜಿಂಗ್) ವಿನಿಯಮಗಳು, 2018ರ ಪ್ರಕಾರ, ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಸೇರುವ ಒಟ್ಟು ಅಂಶವು ಪ್ರತಿ ಕಿಲೋಗ್ರಾಂಗೆ 60 ಮಿಲಿಗ್ರಾಂ ಅಥವಾ ಪ್ರತಿ ಚದರ ಡೆಸಿಮೀಟರ್‌ಗೆ 10 ಮಿಲಿಗ್ರಾಂ ಮೀರತಕ್ಕದ್ದಲ್ಲ. "ಫುಡ್ ಗ್ರೇಡ್" ಎಂಬುದರ ಅರ್ಥ ಏನೂ ಸೇರುವುದಿಲ್ಲ ಎಂದಲ್ಲ. ನಿಗದಿತ ಪರೀಕ್ಷೆಯಲ್ಲಿ ಮಿತಿಯೊಳಗೆ ಇದೆ ಎಂದಷ್ಟೇ. ಹಳೆಯದಾಗಿ ಗೀರು ಬಿದ್ದ, ಬಿಸಿಲಿಗೆ ಒಣಗಿ ಮಂಕಾದ ಡಬ್ಬಿಗೆ ಆ ಪರೀಕ್ಷೆಯ ಭರವಸೆ ಅನ್ವಯಿಸುವುದಿಲ್ಲ.

ಬಿಸಿ, ಜಿಡ್ಡು, ಹುಳಿ ಮತ್ತು ಹೆಚ್ಚು ಅವಧಿ, ಈ ನಾಲ್ಕು ಸೇರಿದಷ್ಟೂ ಸೋರಿಕೆ ಹೆಚ್ಚು. ಒಣ ಜೋಳ, ಅವಲಕ್ಕಿ, ಸಕ್ಕರೆ ಇಟ್ಟ ಡಬ್ಬಿಯ ಬಗ್ಗೆ ತುರ್ತು ಕಾಳಜಿ ಬೇಕಿಲ್ಲ. ಬಿಸಿ ಸಾಂಬಾರ್ ಕಟ್ಟಿದ ತೆಳುಚೀಲ, ವರ್ಷಗಟ್ಟಲೆ ಉಪ್ಪಿನಕಾಯಿ ಕುಳಿತ ಡಬ್ಬಿ, ಇವು ಮೊದಲು ಹೋಗಬೇಕಾದವು. ಮನೆಯ ಪ್ಲಾಸ್ಟಿಕ್ ಸಾಮಾನನ್ನೆಲ್ಲ ಒಂದೇ ದಿನ ಹೊರಗೆ ಹಾಕಿ ಹೊಸ ಪಾತ್ರೆ ಕೊಳ್ಳಲು ಎಲ್ಲ ಕುಟುಂಬಗಳಿಗೂ ಶಕ್ತಿ ಇರುವುದಿಲ್ಲ. ಅದರ ಅವಶ್ಯಕತೆಯೂ ಇಲ್ಲ.

ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ ಮುದ್ರಿಸಿದ ಅಂಕಿಯು ಪ್ಲಾಸ್ಟಿಕ್‌ನ ಜಾತಿಯನ್ನು ತಿಳಿಸುತ್ತದೆಯೇ ಹೊರತು ಸುರಕ್ಷತೆಯ ಪ್ರಮಾಣಪತ್ರವಲ್ಲ. 2, 4 ಮತ್ತು 5 ಅಂಕಿಯವು ತಣ್ಣನೆಯ ಹಾಗೂ ಒಣ ಪದಾರ್ಥಗಳಿಗೆ ಸಾಮಾನ್ಯವಾಗಿ ಒಪ್ಪಿತವಾದವು. 1 ಅಂಕಿಯ ನೀರಿನ ಬಾಟಲಿಗಳಿಗೆ ಬಿಸಿನೀರು ತುಂಬಬಾರದು. 3 ಮತ್ತು 6 ಅಂಕಿಯವನ್ನು ಅಡುಗೆಮನೆಯಿಂದ ದೂರ ಇಡುವುದು ಒಳ್ಳೆಯದು. 7 ಎಂದರೆ "ಇತರೆ". ಅದರಲ್ಲಿ ಪಾಲಿಕಾರ್ಬೊನೇಟ್ ಸಹ ಸೇರಿದ್ದು, ಅದರ ತಯಾರಿಕೆಗೆ ಬಿಸ್ಫಿನಾಲ್-ಎ ಎಂಬ ರಾಸಾಯನಿಕ ಬಳಕೆಯಾಗುತ್ತದೆ. ಆಹಾರ ತಾಗುವ ವಸ್ತುಗಳಲ್ಲಿ ಈ ರಾಸಾಯನಿಕದ ಬಳಕೆಯನ್ನು ನಿಷೇಧಿಸುವ ನಿಯಮವನ್ನು ಐರೋಪ್ಯ ಒಕ್ಕೂಟವು 2024ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದೆ. ಹಾಲುಣಿಸುವ ಬಾಟಲಿ ಕೊಳ್ಳುವ ತಾಯಂದಿರು ಐಎಸ್ 14625 ಸಂಖ್ಯೆ ಹಾಗೂ ಐಎಸ್‌ಐ ಗುರುತನ್ನು ನೋಡತಕ್ಕದ್ದು. ಶಿಶುವಿಗೆ ಹಾಲು ಕುಡಿಸಲು ಸ್ಟೀಲ್ ಲೋಟ ಮತ್ತು ಚಮಚ ಇನ್ನೂ ಮೇಲು.

ಯಾವ ಕಾರಣಕ್ಕೂ ಬಳಸಬಾರದ ಡಬ್ಬಿ ಮತ್ತು ಚೀಲಗಳು

ಈ ಮೂರು ತಾಲ್ಲೂಕುಗಳಲ್ಲಿ ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಬೆಳೆಗಳಿದ್ದು, ರಾಣೇಬೆನ್ನೂರು ಭಾಗದಲ್ಲಿ ಬೀಜೋತ್ಪಾದನೆಯೂ ದೊಡ್ಡ ಪ್ರಮಾಣದಲ್ಲಿದೆ. ಆದ್ದರಿಂದ ಹೊಲದಿಂದ ಮನೆಗೆ ಬರುವ ಖಾಲಿ ಡಬ್ಬಿ ಮತ್ತು ಚೀಲಗಳ ಬಗ್ಗೆ ವಿಶೇಷ ಎಚ್ಚರಿಕೆ ಬೇಕಾಗಿದೆ. ಕೀಟನಾಶಕದ ಕ್ಯಾನ್ ಎಷ್ಟೇ ಗಟ್ಟಿಮುಟ್ಟಾಗಿ ಕಂಡರೂ ಅದನ್ನು ತೊಳೆದು ನೀರು, ಎಣ್ಣೆ, ಮಜ್ಜಿಗೆಗೆ ಬಳಸಬಾರದು. ಪ್ಲಾಸ್ಟಿಕ್ ಒಳಗೆ ಇಳಿದ ಔಷಧಿಯು ಸೋಪು, ಬೂದಿ, ಬಿಸಿನೀರಿಗೆ ಬರುವುದಿಲ್ಲ. ನಂತರ ತುಂಬಿದ ಎಣ್ಣೆಗೆ ಬರುತ್ತದೆ. ಕೀಟನಾಶಕಗಳ ನಿಯಮಗಳು, 1971ರಲ್ಲಿ ಖಾಲಿ ಡಬ್ಬಿಗಳನ್ನು ಮರುಬಳಕೆಗೆ ಸಿಗದಂತೆ ಒಡೆದು, ವಸತಿಯಿಂದ ದೂರದಲ್ಲಿ ಹೂಳಬೇಕೆಂದು ವಿಧಿಸಲಾಗಿದೆ. ಕೂಲಿಕಾರರು ಕುಡಿಯುವ ನೀರು ಒಯ್ಯಲು ಇಂತಹ ಕ್ಯಾನ್ ಕೇಳಿದಲ್ಲಿ ಭೂಮಾಲೀಕರು ಕೊಡತಕ್ಕದ್ದಲ್ಲ.

ಬೀಜೋಪಚಾರ ಮಾಡಿದ ಬಿತ್ತನೆ ಬೀಜದ ಚೀಲಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಒಳಗೆ ಕೆಂಪು, ನೀಲಿ ಅಥವಾ ಹಸಿರು ಪುಡಿ ಅಂಟಿದ ಚೀಲವು ಔಷಧಿ ಲೇಪಿತ ಬೀಜದ್ದಾಗಿರುತ್ತದೆ. ಅದರಲ್ಲಿ ಜೋಳ, ಕಡಲೆ, ಅಕ್ಕಿ ತುಂಬಬಾರದು. ಗೊಬ್ಬರದ ಚೀಲಗಳನ್ನು ಬಿಚ್ಚಿ ಹೊಲಿದು ಅದರ ಮೇಲೆ ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಗಿಸುವುದನ್ನೂ ಕೈಬಿಡಬೇಕು. ಅದಕ್ಕೆ ಹಳೆಯ ಹತ್ತಿ ಸೀರೆ ಅಥವಾ ಧೋತರ ಸಾಕು.

ಬಿಸಿ ಆಹಾರ ಮತ್ತು ಪಾರ್ಸಲ್

2025ರ ಫೆಬ್ರವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾಧಿಕಾರಿಗಳು 251 ಕಡೆಗಳಲ್ಲಿ ಇಡ್ಲಿ ತಯಾರಿಕೆಯನ್ನು ಪರಿಶೀಲಿಸಿದಾಗ, ಐವತ್ತಕ್ಕೂ ಹೆಚ್ಚು ಕಡೆ ಹತ್ತಿ ಬಟ್ಟೆಯ ಬದಲಿಗೆ ಪ್ಲಾಸ್ಟಿಕ್ ಹಾಳೆ ಹಾಸಿ ಹಬೆಯಲ್ಲಿ ಬೇಯಿಸುತ್ತಿದ್ದುದು ಕಂಡುಬಂದಿತು. ಬಟ್ಟೆಯನ್ನು ಒಗೆದು ಒಣಗಿಸುವ ಶ್ರಮ ಉಳಿಸುವುದೇ ಇದಕ್ಕೆ ಕಾರಣವಿರಬೇಕು. ಹೋಟೆಲ್‌ಗಳು ಆಹಾರ ತಯಾರಿಕೆಯಲ್ಲಿ ಪ್ಲಾಸ್ಟಿಕ್ ಬಳಸಬಾರದೆಂದು ಸರ್ಕಾರವು ಆಗ ಪ್ರಕಟಿಸಿತು. ಹಾವೇರಿ, ರಾಣೇಬೆನ್ನೂರಿನ ಹೋಟೆಲ್ ಮಾಲೀಕರು ಎರಡು ಜೊತೆ ಬಿಳಿ ಹತ್ತಿ ಬಟ್ಟೆ ಇಟ್ಟುಕೊಂಡು, ಒಂದನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸುವಾಗ ಇನ್ನೊಂದನ್ನು ಬಳಸಬಹುದು. ಬಟ್ಟೆಯಿಲ್ಲದೆ ಎಣ್ಣೆ ಸವರಿದ ಸ್ಟೀಲ್ ತಟ್ಟೆಯಲ್ಲಿಯೂ ಇಡ್ಲಿ ಆಗುತ್ತದೆ.

ಬಿಸಿ ಚಹಾ, ಸಾಂಬಾರ್, ಪಲ್ಯಗಳನ್ನು ತೆಳುಚೀಲದಲ್ಲಿ ಕಟ್ಟಿಸಿಕೊಳ್ಳುವ ಬದಲು ಗ್ರಾಹಕರು ಮನೆಯಿಂದ ಸ್ಟೀಲ್ ಡಬ್ಬಿ ಅಥವಾ ಗಿಂಡಿ ತರುವುದು ಹಿಂದೆ ಎಲ್ಲೆಡೆ ಇದ್ದ ಪದ್ಧತಿಯೇ ಆಗಿದೆ. ಕಾಗದದ ಲೋಟದ ವಿಷಯದಲ್ಲಿ ತಪ್ಪು ತಿಳಿವಳಿಕೆ ಇದೆ. ಅದರ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಲೇಪನ ಇರುತ್ತದೆ. 85ರಿಂದ 90 ಡಿಗ್ರಿ ಸೆಲ್ಸಿಯಸ್ ಬಿಸಿಯ 100 ಮಿಲಿಲೀಟರ್ ದ್ರವವು ಇಂತಹ ಲೋಟದಲ್ಲಿ 15 ನಿಮಿಷ ಇದ್ದಾಗ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುಗಡೆಯಾಗುತ್ತವೆ ಎಂದು ಖರಗ್‌ಪುರದ ಐಐಟಿ ಸಂಶೋಧಕರು 2020ರಲ್ಲಿ ವರದಿ ಮಾಡಿದ್ದಾರೆ. ಚಹಾ ಅಂಗಡಿಗಳಿಗೆ ಗಾಜಿನ ಲೋಟವೇ ಯೋಗ್ಯ. ಅದನ್ನು ತೊಳೆಯುವ ನೀರು ಮಾತ್ರ ಶುದ್ಧವಿರಬೇಕು.

ಮಿರ್ಚಿ, ಗಿರ್ಮಿಟ್ ಮುಂತಾದವನ್ನು ಪತ್ರಿಕೆಯ ಹಾಳೆಯಲ್ಲಿ ಕಟ್ಟಿಕೊಡುವುದು ಪ್ಲಾಸ್ಟಿಕ್‌ಗೆ ಪರ್ಯಾಯವಲ್ಲ. ಮುದ್ರಣದ ಮಸಿಯು ಬಿಸಿ ಎಣ್ಣೆಗೆ ಹತ್ತುತ್ತದೆ. 2018ರ ವಿನಿಯಮಗಳಲ್ಲಿ ಇದನ್ನು ಸ್ಪಷ್ಟವಾಗಿ ನಿಷೇಧಿಸಲಾಗಿದೆ. ಬಾಳೆಎಲೆ ಅಥವಾ ಮುದ್ರಣವಿಲ್ಲದ ಕಾಗದ ಬಳಸಬೇಕು.

ಬದಲಿ ಪಾತ್ರೆಗಳ ಗುಣ ಮತ್ತು ಮಿತಿ

ದಿನಬಳಕೆಗೆ ಸ್ಟೀಲ್ ಪಾತ್ರೆಯೇ ಮೊದಲ ಆಯ್ಕೆ. ಸ್ಟೀಲ್ ಪಾತ್ರೆಗೆ ಐಎಸ್ 14756 ಮತ್ತು ಅಲ್ಯೂಮಿನಿಯಂ ಪಾತ್ರೆಗೆ ಐಎಸ್ 1660 ಮಾನಕಗಳಿದ್ದು, ಐಎಸ್‌ಐ ಗುರುತಿನೊಂದಿಗೆ ಈ ಸಂಖ್ಯೆಯನ್ನು ನೋಡಿ ಕೊಳ್ಳುವುದು ಸೂಕ್ತ. ಅಯಸ್ಕಾಂತ ಹಿಡಿದು ಪರೀಕ್ಷಿಸುವ ರೂಢಿ ಸಂತೆಗಳಲ್ಲಿದೆ. ಅದನ್ನು ಪೂರ್ತಿ ನಂಬುವಂತಿಲ್ಲ: 304 ದರ್ಜೆಯ ಸ್ಟೀಲ್ ಅಯಸ್ಕಾಂತಕ್ಕೆ ಅಂಟದಿರುವುದು ನಿಜವಾದರೂ, ಮ್ಯಾಂಗನೀಸ್ ಹೆಚ್ಚಿರುವ ಅಗ್ಗದ 202 ದರ್ಜೆಯದೂ ಅಂಟುವುದಿಲ್ಲ. ಉಪ್ಪಿನಕಾಯಿಯನ್ನು ಸ್ಟೀಲ್ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಉಪ್ಪು ಮತ್ತು ಹುಳಿಗೆ ಅದರ ಮೈ ಗುಳಿ ಬೀಳುತ್ತದೆ. ಅದಕ್ಕೆ ಪಿಂಗಾಣಿ ಭರಣಿ ಅಥವಾ ಗಾಜಿನ ಬಾಟಲಿಯೇ ಸರಿ. ಒಳಮೈಗೆ ಬಣ್ಣದ ಚಿತ್ತಾರವಿರುವ ಪಿಂಗಾಣಿಯಲ್ಲಿ ಸೀಸ ಇರುವ ಸಂಭವವಿರುವುದರಿಂದ ಒಳಗೆ ಬಣ್ಣವಿಲ್ಲದ್ದನ್ನು ಆರಿಸಬೇಕು.

ತಾಮ್ರ, ಹಿತ್ತಾಳೆ ಪಾತ್ರೆಗಳು ಹಳೆಯವೆಂಬ ಕಾರಣಕ್ಕೆ ಎಲ್ಲದಕ್ಕೂ ಸುರಕ್ಷಿತವೆಂದು ಭಾವಿಸುವುದು ಈಚೆಗೆ ಹೆಚ್ಚಾಗಿದೆ. ಮೊಸರು, ಮಜ್ಜಿಗೆ, ಹುಣಸೆಹುಳಿ ತಾಗಿದರೆ ಇವು ಕಿಲುಬು ಬಿಡುತ್ತವೆ. ಅದನ್ನು ತಿಂದರೆ ವಾಂತಿ, ಹೊಟ್ಟೆನೋವು ಬರುತ್ತದೆ. ಹಿರಿಯರು ಕಲಾಯಿ ಹಾಕಿಸದೆ ಅಡುಗೆಗೆ ಬಳಸುತ್ತಿರಲಿಲ್ಲ. ಕಲಾಯಿಯವರು ಈಗ ಅಪರೂಪವಾಗಿದ್ದು, ಸಿಕ್ಕರೂ ಸೀಸ ಬೆರೆಸದ ಶುದ್ಧ ತವರವೇ ಎಂದು ಕೇಳಿ ಹಾಕಿಸಬೇಕು. ಕಲಾಯಿ ಇಲ್ಲದ ತಾಮ್ರದ ಕೊಡವು ಬರೀ ನೀರಿಗೆ ಆದೀತು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಸಾರು, ಹುಳಿ ಪದಾರ್ಥ ಮಾಡಿ ರಾತ್ರಿಯಿಡೀ ಬಿಡಬಾರದು. ರೊಟ್ಟಿ ಬೇಯಿಸಲು ಕಬ್ಬಿಣದ ಹಂಚಿಗೆ ಸಾಟಿಯಿಲ್ಲ; ಬೆಂದ ರೊಟ್ಟಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕದೆ ಬಟ್ಟೆ ಹಾಸಿದ ಬಿದಿರಿನ ಬುಟ್ಟಿಯಲ್ಲಿಟ್ಟರೆ ಬೆವರುವುದಿಲ್ಲ, ಕಟಕ್ ರೊಟ್ಟಿಯಾದರೆ ಬಹುದಿನ ಉಳಿಯುತ್ತದೆ. ಮೊಸರಿಗೆ ಬಣ್ಣ ಬಳಿಯದ ಮಣ್ಣಿನ ಗಡಿಗೆ ಉತ್ತಮ. ಗಾಜಿನ ಡಬ್ಬಿಗೆ ಕುದಿಯುವ ಪದಾರ್ಥ ಸುರಿಯಬಾರದು, ಒಡೆಯುತ್ತದೆ.

ಮೆಣಸಿನಕಾಯಿ ಮತ್ತು ಕಾಳುಕಡಿ

ಮೆಣಸಿನಕಾಯಿಯನ್ನು ತೇವಾಂಶವು ಶೇಕಡಾ 10ರಿಂದ 11ಕ್ಕೆ ಇಳಿಯುವವರೆಗೆ ಒಣಗಿಸಿ ಗೋಣಿಚೀಲದಲ್ಲಿ ತುಂಬತಕ್ಕದ್ದು. ತೇವವಿರುವ ಕಾಯಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರೆ ಒಳಗೆ ಬೆವರಿ ಬೂಷ್ಟು ಬರುತ್ತದೆ. ಇಂತಹ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗುತ್ತದೆ; ಅದು ಯಕೃತ್ತಿಗೆ ಮಾರಕವಾದುದು, ಕುದಿಸಿದರೂ ಹೋಗುವುದಿಲ್ಲ. ಈ ಸಂದರ್ಭದಲ್ಲಿ ಪ್ಲಾಸ್ಟಿಕ್‌ಗಿಂತ ಅದರೊಳಗೆ ಸಿಕ್ಕಿಬಿದ್ದ ತೇವವೇ ದೊಡ್ಡ ಅಪಾಯ. ಪುಡಿ ಮಾಡಿದ ಮೇಲೆ ಸ್ಟೀಲ್ ಡಬ್ಬಿಯಲ್ಲಿಡುವುದು ಲೇಸು. ಗಾಜಿನ ಬಾಟಲಿಯಾದರೆ ಕಪಾಟಿನ ಒಳಗಿಡಬೇಕು, ಏಕೆಂದರೆ ಬೆಳಕಿಗೆ ಬ್ಯಾಡಗಿಯ ಬಣ್ಣ ಮಾಸುತ್ತದೆ. ಶೇಂಗಾ ಚಟ್ನಿಗೂ ಗುರೆಳ್ಳು ಚಟ್ನಿಗೂ ಜಿಡ್ಡು ಹೆಚ್ಚಿರುವುದರಿಂದ ಇದೇ ಕ್ರಮ ಅನುಸರಿಸಬೇಕು.

ಜೋಳಕ್ಕೆ ಹಗೇವು, ಕಣಜಗಳಿದ್ದ ಕಾಲ ಬಹುತೇಕ ಮುಗಿದಿದೆ. ತಗಡಿನ ಪೀಪಾಯಿಯಲ್ಲಿ ಬೇವಿನ ಎಲೆಯೊಂದಿಗೆ ಇಡುವುದು ಸದ್ಯಕ್ಕೆ ಅನುಕೂಲಕರ.

ಊಟದ ತಟ್ಟೆ

ಬಾಳೆಎಲೆ ಮತ್ತು ಮುತ್ತುಗದ ಪತ್ರಾವಳಿಗಳ ಬಗ್ಗೆ ಆಕ್ಷೇಪಗಳಿಲ್ಲ. ಅಡಿಕೆ ಹಾಳೆಯ ತಟ್ಟೆಗಳ ವಿಷಯದಲ್ಲಿ, ಅಡಿಕೆಯಲ್ಲಿರುವ ಕ್ಷಾರಾಂಶಗಳು ಆಹಾರಕ್ಕೆ ಸೇರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಮೇ ತಿಂಗಳಲ್ಲಿ ಆಕ್ಷೇಪ ವ್ಯಕ್ತಪಡಿಸಿದೆ. ನಮ್ಮ ದೇಶದಲ್ಲಿ ಆ ಕಾರಣಕ್ಕೆ ನಿಷೇಧ ವಿಧಿಸಿಲ್ಲ. ಈ ತಟ್ಟೆಗಳನ್ನು ಒಮ್ಮೆ ಮಾತ್ರ ಬಳಸಬೇಕು, ಬಿಸಿ ಸಾರನ್ನು ಬಹಳ ಹೊತ್ತು ಬಿಡಬಾರದು, ರಫ್ತಿಗೆ ತಯಾರಿಸುವವರು ಮೊದಲೇ ವಿಚಾರಿಸಿಕೊಳ್ಳಬೇಕು. ದೊಡ್ಡ ಸಮಾರಂಭಗಳಿಗೆ ಸಮುದಾಯ ಭವನಗಳಲ್ಲಿ ಅಥವಾ ಸಾಮಾನು ಬಾಡಿಗೆಗೆ ಕೊಡುವವರಲ್ಲಿ ಸ್ಟೀಲ್ ಗಂಗಾಳಗಳನ್ನು ಪಡೆಯಬಹುದು.

ಅರ್ಜಿದಾರರ ಗಮನಕ್ಕೆ

ಆಹಾರ ನೋಂದಣಿ ಮತ್ತು ಪರವಾನಗಿಗೆ ಫಾಸ್ಕಾಸ್ ಅಂತರ್ಜಾಲ ತಾಣದಲ್ಲಿ ಅರ್ಜಿ ಸಲ್ಲಿಸಬೇಕು. ಉದ್ದಿಮೆ ಪರವಾನಗಿಗೆ ಹಾವೇರಿ ಮತ್ತು ರಾಣೇಬೆನ್ನೂರಿನಲ್ಲಿ ನಗರಸಭೆ, ಬ್ಯಾಡಗಿಯಲ್ಲಿ ಪುರಸಭೆ, ಗ್ರಾಮಗಳಲ್ಲಿ ಗ್ರಾಮ ಪಂಚಾಯಿತಿಯನ್ನು ಸಂಪರ್ಕಿಸತಕ್ಕದ್ದು. 2011ರ ಪರವಾನಗಿ ಮತ್ತು ನೋಂದಣಿ ವಿನಿಯಮಗಳ 4ನೇ ಅನುಸೂಚಿಯಂತೆ, ಆಹಾರ ತಾಗುವ ಪಾತ್ರೆಗಳು ತುಕ್ಕು ಹಿಡಿಯದ, ಆಹಾರಕ್ಕೆ ವಿಷ ಬಿಡದ, ಸುಲಭವಾಗಿ ತೊಳೆಯಬಹುದಾದ ವಸ್ತುವಿನದ್ದಾಗಿರಬೇಕು. ಪಾತ್ರೆ ಕೊಂಡ ರಸೀದಿಗಳನ್ನು ಇಟ್ಟುಕೊಂಡಲ್ಲಿ ಪರಿಶೀಲನೆಯ ವೇಳೆ ತೋರಿಸಲು ಅನುಕೂಲವಾಗುತ್ತದೆ.

ಯಾವುದೇ ಆಹಾರದ ಬಗ್ಗೆ ಸಂಶಯವಿರುವ ಖರೀದಿದಾರರು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರ ಕಲಂ 40ರಂತೆ ಶುಲ್ಕ ಪಾವತಿಸಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ದೋಷ ಕಂಡುಬಂದಲ್ಲಿ ಶುಲ್ಕವನ್ನು ಹಿಂದಿರುಗಿಸಲಾಗುತ್ತದೆ. ಪರೀಕ್ಷೆಗೆ ಕೊಡುವ ವಿಷಯವನ್ನು ಖರೀದಿಯ ಸಮಯದಲ್ಲಿಯೇ ಮಾರಾಟಗಾರರಿಗೆ ತಿಳಿಸಿರಬೇಕು. ದೂರುಗಳನ್ನು ಜಿಲ್ಲೆಯ ಅಂಕಿತಾಧಿಕಾರಿಗಳ ಕಚೇರಿಗೆ ಲಿಖಿತವಾಗಿ ಅಥವಾ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಉಚಿತ ದೂರವಾಣಿ ಸಂಖ್ಯೆ 1800-112-100ಕ್ಕೆ ಸಲ್ಲಿಸಬಹುದಾಗಿದೆ.