‘ತೊಂದರೆ ಏನಿಲ್ಲ’ ಎಂಬ ಸಾಕ್ಷ್ಯ

ವೃದ್ಧಾಶ್ರಮದಲ್ಲಿರುವ ಹಿರಿಯರೊಬ್ಬರನ್ನು ‘ಇಲ್ಲಿ ಹೇಗಿದೆ?’ ಎಂದು ಕೇಳಿ ನೋಡಿ. ‘ತೊಂದರೆ ಏನಿಲ್ಲಪ್ಪ, ಹೊತ್ತು ಹೊತ್ತಿಗೆ ಊಟ ಕೊಡ್ತಾರೆ, ಚೆನ್ನಾಗಿ ನೋಡ್ಕೋತಾರೆ’ ಎಂಬ ಉತ್ತರವೇ ಸಾಮಾನ್ಯವಾಗಿ ಬರುವುದು. ಭಾನುವಾರ ಹಣ್ಣು ಹಿಡಿದುಕೊಂಡು ಬಂದ ಮಗನನ್ನೋ ಮಗಳನ್ನೋ ಕೇಳಿದರೂ ಹೆಚ್ಚುಕಡಿಮೆ ಅದೇ ಮಾತು. ಇದನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಹಾಗೆಂದು ಕೇಳಿದ್ದನ್ನು ಕೇಳಿದ ಹಾಗೇ ಬರೆದುಕೊಂಡು ಎದ್ದು ಬಂದರೆ ಕೆಲಸ ಮುಗಿಯಿತೇ? ಆಕರಗಳನ್ನು ಓದಲು ಕಲಿಯುತ್ತಿರುವ ನನ್ನಂಥವರನ್ನು ಈ ಪ್ರಶ್ನೆ ಬಿಡದೆ ಕಾಡುತ್ತದೆ. ಇದನ್ನು ಗಂಭೀರವಾಗಿ ಎತ್ತಿಕೊಂಡವರಲ್ಲಿ ಇಂಗ್ಲೆಂಡಿನ ಸಮಾಜವಿಜ್ಞಾನಿ ಪೀಟರ್ ಟೌನ್‌ಸೆಂಡ್ ಮುಖ್ಯರು. 1928ರಲ್ಲಿ ಹುಟ್ಟಿದ ಅವರಿಗೆ ಆಗ ಮೂವತ್ತರ ಆಸುಪಾಸಿನ ವಯಸ್ಸು.

ಅವರ ಕೆಲಸ ಅರ್ಥವಾಗಬೇಕಾದರೆ ಅಲ್ಲಿನ ಮುದುಕರಿಗಿದ್ದ ಒಂದು ಹಳೆಯ ಭಯವನ್ನು ತಿಳಿದಿರಬೇಕು. 1834ರ ಬಡವರ ಕಾನೂನು ಇಂಗ್ಲೆಂಡಿನಲ್ಲಿ ‘ವರ್ಕ್‌ಹೌಸ್’ ಎಂಬ ವ್ಯವಸ್ಥೆಯನ್ನು ಬಿಗಿಗೊಳಿಸಿತು. ಒಳಗಿನ ಬದುಕು ಹೊರಗಿನ ಅತಿ ಬಡ ಕೂಲಿಯವನ ಬದುಕಿಗಿಂತ ಕೀಳಾಗಿಯೇ ಇರಬೇಕು, ಇಲ್ಲದಿದ್ದರೆ ಜನ ಸೋಮಾರಿಗಳಾಗಿ ಒಳಗೆ ನುಗ್ಗುತ್ತಾರೆ ಎಂಬುದು ಅದರ ಹಿಂದಿನ ತರ್ಕ. ಬಾಗಿಲಲ್ಲೇ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಅರವತ್ತು ದಾಟಿದ ದಂಪತಿಗಳು ಒಟ್ಟಿಗಿರಲು 1847ರಲ್ಲಿ ಕಾನೂನು ಅವಕಾಶ ಕೊಟ್ಟರೂ ಅದು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. ಸತ್ತ ಮೇಲೆ ವಾರಸುದಾರರು ಬಾರದಿದ್ದರೆ, 1832ರ ಅಂಗರಚನಾ ಕಾನೂನಿನಂತೆ, ಹೆಣವನ್ನು ವೈದ್ಯ ವಿದ್ಯಾರ್ಥಿಗಳ ಕೊಯ್ಲಿಗೆ ಕಳಿಸಬಹುದಿತ್ತು. ದುಡಿದು ತಿಂದ ಬಡವರಿಗೆ ‘ಅಲ್ಲಿಗೆ ಹೋಗಿ ಸಾಯುವುದು’ ಎಂದರೆ ಸಾವಿಗಿಂತ ದೊಡ್ಡ ಅವಮಾನ.

ಎರಡನೇ ಮಹಾಯುದ್ಧದ ನಂತರ ಬಂದ ಲೇಬರ್ ಸರ್ಕಾರ ಈ ಕಳಂಕವನ್ನು ತೊಳೆಯಲು ಹೊರಟಿತು. 1948ರ ಜುಲೈ 5ರಂದು ಜಾರಿಗೆ ಬಂದ ರಾಷ್ಟ್ರೀಯ ನೆರವು ಕಾಯ್ದೆ ಬಡವರ ಕಾನೂನನ್ನು ರದ್ದು ಮಾಡಿತು. ವಯಸ್ಸಾದವರಿಗೆ ವಸತಿ ಒದಗಿಸುವುದು ಸ್ಥಳೀಯ ಆಡಳಿತದ ಕರ್ತವ್ಯವಾಯಿತು. ಮಂತ್ರಿ ಅನ್ಯೂರಿನ್ ಬೆವನ್ ಮುಂದಿಟ್ಟ ಕಲ್ಪನೆ ಸೊಗಸಾಗಿತ್ತು: ಒಂದೊಂದು ಮನೆಯಲ್ಲಿ ಇಪ್ಪತ್ತೈದು ಮೂವತ್ತು ಜನ ಮಾತ್ರ. ಅಲ್ಲಿನ ಮೇಲ್ವಿಚಾರಕನಿಗೂ ನಿವಾಸಿಗೂ ಇರಬೇಕಾದ್ದು ಹೋಟೆಲಿನ ಮ್ಯಾನೇಜರಿಗೂ ಅತಿಥಿಗೂ ಇರುವ ಸಂಬಂಧ. 26 ಷಿಲಿಂಗಿನ ಪಿಂಚಣಿಯಲ್ಲಿ 21 ಷಿಲಿಂಗ್ ಬಾಡಿಗೆಯಾಗಿ ಕೊಟ್ಟರೆ ಐದು ಷಿಲಿಂಗ್ ಕೈಖರ್ಚಿಗೆ ಉಳಿಯುತ್ತದೆ. ಹಣ ಕೊಟ್ಟು ಇರುವವನನ್ನು ಭಿಕ್ಷುಕನೆಂದು ಯಾರು ಕರೆದಾರು?

ಹತ್ತು ವರ್ಷಗಳ ಮೇಲೆ ಟೌನ್‌ಸೆಂಡ್ ಇದನ್ನು ಕಣ್ಣಾರೆ ನೋಡಲು ಹೊರಟರು. ಇಂಗ್ಲೆಂಡ್ ಮತ್ತು ವೇಲ್ಸ್‌ನ 173 ಸಂಸ್ಥೆಗಳಿಗೆ ಅವರೂ ಅವರ ಸಂಗಡಿಗರೂ ಭೇಟಿ ಕೊಟ್ಟರು. ಅವುಗಳಲ್ಲಿ 39 ಹಳೆಯ ವರ್ಕ್‌ಹೌಸ್‌ಗಳೇ. ಉಳಿದವುಗಳಲ್ಲಿ 53 ಸ್ಥಳೀಯ ಆಡಳಿತ ನಡೆಸುತ್ತಿದ್ದ ಬೇರೆ ಮನೆಗಳು, 39 ಸೇವಾಸಂಸ್ಥೆಗಳವು, 42 ಖಾಸಗಿಯವು. ಹೊಸದಾಗಿ ಸೇರಿದ 530 ನಿವಾಸಿಗಳ ಸಂದರ್ಶನವೂ ನಡೆಯಿತು. 1962ರಲ್ಲಿ ಬಂದ ಪುಸ್ತಕದ ಹೆಸರು ‘ದಿ ಲಾಸ್ಟ್ ರೆಫ್ಯೂಜ್’, ಅಂದರೆ ಕೊನೆಯ ಆಸರೆ. ಬಾಗಿಲ ಮೇಲಿನ ಫಲಕ ಬದಲಾಗಿತ್ತು, ಕಟ್ಟಡ ಹಾಗೇ ಇತ್ತು. ಅದೇ ಉದ್ದನೆಯ ಹಾಲ್, ಅದೇ ಸಾಲು ಮಂಚಗಳು, ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ಇಟ್ಟ ಕುರ್ಚಿಗಳು.

ನನಗೆ ಮುಖ್ಯವೆನಿಸುವುದು ಟೌನ್‌ಸೆಂಡ್ ಕೇಳಿಸಿಕೊಂಡ ರೀತಿ. ಒಳಗಿದ್ದವರು ಅಷ್ಟು ಸುಲಭವಾಗಿ ದೂರುವುದಿಲ್ಲ ಎಂಬುದು ಅವರಿಗೆ ಬೇಗನೆ ಗೊತ್ತಾಯಿತು. ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಸ್ನಾನ ಮಾಡಿಸುವವರು, ಊಟ ಬಡಿಸುವವರು ಅಲ್ಲೇ ಓಡಾಡುತ್ತಿರುತ್ತಾರೆ. ವರ್ಕ್‌ಹೌಸಿನ ಕಾಲ ಕಂಡವರಿಗೆ ಬಿಸಿ ಊಟ, ಶುಭ್ರ ಹಾಸಿಗೆಯೇ ದೊಡ್ಡದು. ಎಲ್ಲಕ್ಕಿಂತ ಮಿಗಿಲಾಗಿ, ಬಿಟ್ಟು ಹೋಗಲು ಬೇರೆ ಜಾಗವಿಲ್ಲದವರು ಇರುವ ಜಾಗವನ್ನು ಹಳಿದು ಪಡೆಯುವುದಾದರೂ ಏನು? ಹಾಗಾಗಿ ಟೌನ್‌ಸೆಂಡ್ ಉತ್ತರದ ಜೊತೆಗೆ ಸುತ್ತಲಿನದನ್ನೂ ದಾಖಲಿಸಿದರು. ದಿನಚರಿ ಬರೆದರು, ಫೋಟೋ ತೆಗೆದರು, ಹಳೆಯ ವರ್ಕ್‌ಹೌಸೊಂದರಲ್ಲಿ ಮುದುಕರಿಗೆ ಸ್ನಾನ ಮಾಡಿಸುವ ಸಹಾಯಕರಾಗಿಯೂ ಕೆಲಸ ಮಾಡಿದರು. ಒಬ್ಬರಿಗೆ ಎಷ್ಟು ಜಾಗ, ಮಂಚದ ಪಕ್ಕದಲ್ಲಿ ಸ್ವಂತದ್ದು ಇಟ್ಟುಕೊಳ್ಳಲು ಏನಿದೆ, ಏಳುವ ಮಲಗುವ ಹೊತ್ತನ್ನು ನಿರ್ಧರಿಸುವವರು ಯಾರು, ದಿನವಿಡೀ ಮಾಡಲು ಏನಿದೆ ಎಂಬಂಥ ಸಣ್ಣ ಸಂಗತಿಗಳು ‘ತೊಂದರೆ ಏನಿಲ್ಲ’ ಎಂಬ ಮಾತಿನ ಪಕ್ಕದಲ್ಲಿ ಬಂದು ನಿಂತವು.

ಹೀಗೆ ಕಂಡದ್ದರಿಂದ ಅವರು ಕೆಲವು ನಷ್ಟಗಳನ್ನು ಗುರುತಿಸಿದರು. ಮಾಡಲು ಕೆಲಸವಿಲ್ಲ. ಮನೆಯವರ, ನೆರೆಹೊರೆಯವರ ಒಡನಾಟ ಕಡಿದಿದೆ. ಒಳಗೆ ಹುಟ್ಟುವ ಹೊಸ ಸ್ನೇಹಗಳು ತೆಳು. ಒಂಟಿತನ ಹೋಗುವುದಿಲ್ಲ. ಖಾಸಗಿತನ ಇಲ್ಲ, ‘ನಾನು ಇಂಥವನು’ ಎಂಬ ಗುರುತು ಮಾಸುತ್ತದೆ. ಕೊನೆಗೆ, ತನ್ನ ಬಗ್ಗೆ ತಾನೇ ತೀರ್ಮಾನ ತೆಗೆದುಕೊಳ್ಳುವ ಶಕ್ತಿ ಕುಸಿಯುತ್ತದೆ. ಈ ಕೊನೆಯದು ಚರಿತ್ರೆಯ ವಿದ್ಯಾರ್ಥಿಗೆ ಬಹಳ ಮುಖ್ಯ. ಆಯ್ಕೆ ಮಾಡುವ ಅಭ್ಯಾಸವೇ ತಪ್ಪಿದವರನ್ನು ‘ನಿಮಗೆ ಇದು ಇಷ್ಟವೇ?’ ಎಂದು ಕೇಳಿದಾಗ ಬರುವ ಉತ್ತರದಲ್ಲಿ ಆ ನಷ್ಟವೂ ಸೇರಿಕೊಂಡಿರುತ್ತದೆ.

ಇನ್ನು ಮನೆಯವರ ವಿಷಯ. ಮಕ್ಕಳು ಕೈಬಿಟ್ಟರು, ಅದಕ್ಕೇ ಆಶ್ರಮಗಳು ತುಂಬುತ್ತಿವೆ ಎಂಬ ಗೊಣಗು ಆಗ ಅಲ್ಲೂ ಇತ್ತು. ಟೌನ್‌ಸೆಂಡ್ ಇದಕ್ಕೆ ಮೊದಲೇ ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್ ಎಂಬ ದುಡಿಯುವವರ ಬಡಾವಣೆಯಲ್ಲಿ 203 ಹಿರಿಯರನ್ನು ಮಾತಾಡಿಸಿ, 1957ರಲ್ಲಿ ಇನ್ನೊಂದು ಪುಸ್ತಕ ಪ್ರಕಟಿಸಿದ್ದರು. ಅಲ್ಲಿ ಕಂಡದ್ದು ಬೇರೆಯೇ ಚಿತ್ರ. ಒಂದೇ ಸೂರಿನಡಿ ಇಲ್ಲದಿದ್ದರೂ ಮಗಳು ಪಕ್ಕದ ಬೀದಿಯಲ್ಲಿರುತ್ತಾಳೆ, ದಿನಾ ಬಂದು ಹೋಗುತ್ತಾಳೆ, ಅಜ್ಜಿ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಮುಂದೆ ಆಶ್ರಮಗಳನ್ನು ಹೊಕ್ಕಾಗ ಅಲ್ಲಿ ಎದ್ದು ಕಂಡವರು ಮದುವೆಯಾಗದವರು, ಮಕ್ಕಳಿಲ್ಲದವರು, ಹತ್ತಿರದಲ್ಲಿ ನೆಂಟರಿಲ್ಲದವರು. ಕಾಯಿಲೆ, ಸಂಗಾತಿಯ ಸಾವು, ಬಾಡಿಗೆ ಮನೆ ಕೈತಪ್ಪಿದ್ದು ಅವರನ್ನು ಅಲ್ಲಿಗೆ ತಂದಿದ್ದವು. ಮಕ್ಕಳ ಕಲ್ಲೆದೆಯ ಕಥೆ ಹೇಳಲು ಸುಲಭ, ಹೇಳುವವರಿಗೆ ಸಮಾಧಾನವೂ ಹೌದು. ಆದರೆ ಮನೆಗೆ ಬಂದು ನೆರವಾಗುವವರು, ಸಣ್ಣ ಬಾಡಿಗೆ ಮನೆಗಳು ಏಕೆ ಸಾಲದಾದವು ಎಂಬ ಪ್ರಶ್ನೆಯನ್ನು ಅದು ಮರೆಸಿಬಿಡುತ್ತದೆ. ಇವುಗಳನ್ನು ಹೆಚ್ಚಿಸಿ, ಒಟ್ಟುವಾಸದ ಆಶ್ರಮಗಳನ್ನು ಕ್ರಮೇಣ ಮುಚ್ಚಬೇಕೆಂಬುದೇ ಟೌನ್‌ಸೆಂಡ್ ಕೊಟ್ಟ ಸಲಹೆ.

ಆಶ್ರಮಗಳೇನೂ ಮುಚ್ಚಲಿಲ್ಲ. 2005-06ರ ಹೊತ್ತಿಗೆ ಜೂಲಿಯಾ ಜಾನ್ಸನ್, ಶೀನಾ ರಾಲ್ಫ್, ರಾಂಡಲ್ ಸ್ಮಿತ್ ಎಂಬ ಮೂವರು ಸಂಶೋಧಕರು ಆ 173 ವಿಳಾಸಗಳನ್ನು ಮತ್ತೆ ಹುಡುಕಿಸಿದರು. ಊರೂರುಗಳಲ್ಲಿ ಹುಡುಕಿದ ಸ್ವಯಂಸೇವಕರಲ್ಲಿ ಅನೇಕರು ಸ್ವತಃ ಹಿರಿಯ ನಾಗರಿಕರು. 37 ಮನೆಗಳು ಇನ್ನೂ ನಡೆಯುತ್ತಿದ್ದವು, ಅವುಗಳಲ್ಲಿ 20ಕ್ಕೆ ಸಂಶೋಧಕರು ಹೋಗಿಬಂದರು. ಸಾಲು ಮಂಚದ ಹಾಲ್‌ಗಳ ಜಾಗದಲ್ಲಿ ಒಬ್ಬೊಬ್ಬರಿಗೊಂದು ಕೋಣೆ ಬಂದಿತ್ತು. ಈಗಿನ ನಿವಾಸಿಗಳು ಹಿಂದಿನವರಿಗಿಂತ ವಯಸ್ಸಾದವರು, ಹೆಚ್ಚು ನಿತ್ರಾಣರು. ಟೌನ್‌ಸೆಂಡ್ ತಮ್ಮ ಕಾಗದಪತ್ರ, ಫೋಟೋಗಳನ್ನು ಜೋಪಾನವಾಗಿ ಉಳಿಸಿದ್ದರಿಂದಲೇ ಈ ಹೋಲಿಕೆ ಸಾಧ್ಯವಾಯಿತು. ಅವು ಈಗ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿವೆ.

ಈ ಚರಿತ್ರೆ ನಮಗೆ ತಾಕುವುದು ಎಲ್ಲಿ? ಇಂಗ್ಲೆಂಡಿನ ಬಡವರ ಕಾನೂನನ್ನು ಬ್ರಿಟಿಷರು ಇಲ್ಲಿಗೆ ತರಲಿಲ್ಲ. ಇಲ್ಲಿ ಆ ಕೆಲಸ ಮಾಡಿದ್ದು ಧರ್ಮಛತ್ರಗಳು, ಮಠಗಳು, ಮಿಷನ್‌ಗಳು. ಬೆಂಗಳೂರಿನಲ್ಲಿ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಸನ್ಯಾಸಿನಿಯರ ವೃದ್ಧಾಶ್ರಮ 1900ರಷ್ಟು ಹಿಂದೆಯೇ ಶುರುವಾಯಿತು. ಕಾನೂನಿನ ದಾರಿಯೂ ಬೇರೆ. ವಯಸ್ಸಾದ ತಂದೆತಾಯಿಯನ್ನು ಮಕ್ಕಳು ಸಾಕಲೇಬೇಕೆಂಬ ಹೊಣೆಯನ್ನು ಇಂಗ್ಲೆಂಡ್ 1948ರಲ್ಲಿ ಕೈಬಿಟ್ಟಿತು. ನಾವು 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅದೇ ಹೊಣೆಯನ್ನು ಇನ್ನಷ್ಟು ಗಟ್ಟಿ ಮಾಡಿದೆವು. ಅದೇ ಕಾಯ್ದೆ ಜಿಲ್ಲೆಗೊಂದಾದರೂ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಎನ್ನುತ್ತದೆ. ಅಲ್ಲಿ ಇರಬೇಕಾದ ಕನಿಷ್ಠ ಜಾಗ 150 ನಿರ್ಗತಿಕ ಹಿರಿಯರಿಗೆ. ಬೆವನ್ ಕನಸಿನ ಇಪ್ಪತ್ತೈದು ಮೂವತ್ತರ ಪಕ್ಕದಲ್ಲಿ ಈ ಸಂಖ್ಯೆಯನ್ನು ಇಟ್ಟು ನೋಡಬೇಕು. ಅಷ್ಟು ಜನಕ್ಕೆ ಒಂದೇ ಗಂಟೆ ಬಾರಿಸಿ ಊಟ ಹಾಕುವುದು ಸುಲಭ. ಯಾರಿಗೆ ಎಷ್ಟು ಹೊತ್ತಿಗೆ ಹಸಿವು ಎಂದು ಕೇಳುವುದು ಕಷ್ಟ.

ದುಡ್ಡುಳ್ಳವರಿಗೆ ಈಗ ಬೆಂಗಳೂರು, ಮೈಸೂರುಗಳ ಹೊರವಲಯದಲ್ಲಿ ‘ಸೀನಿಯರ್ ಲಿವಿಂಗ್’ ಬಡಾವಣೆಗಳಿವೆ. ಜಾಹೀರಾತಿನಲ್ಲಿ ನಗುವ ಮುಖಗಳು, ಕೆಳಗೆ ನಿವಾಸಿಗಳ ಮೆಚ್ಚುಗೆಯ ನಾಲ್ಕು ಸಾಲು, ದೂರದೇಶದ ಮಗನ ನೆಮ್ಮದಿಯ ಎರಡು ಸಾಲು. ಅವು ಪ್ರಾಮಾಣಿಕವಾಗಿಯೇ ಇರಬಹುದು, ಎಷ್ಟೋ ಜನಕ್ಕೆ ಅಲ್ಲಿ ನಿಜಕ್ಕೂ ಹಾಯೆನಿಸಿರಬಹುದು. ಆದರೂ ಓದುವಾಗ ಟೌನ್‌ಸೆಂಡ್ ನೋಡಿದ ಸಂಗತಿಗಳ ಜಾಡು ಹಿಡಿದು ಕೇಳಬೇಕು: ಬಾಗಿಲ ಚಿಲಕ ಯಾರ ಕೈಯಲ್ಲಿದೆ? ಬೆಳಗಿನ ಕಾಫಿ ಯಾರ ಹೊತ್ತಿಗೆ? ಮನೆಯಿಂದ ತಂದ ಯಾವ ವಸ್ತುವಿಗೆ ಅಲ್ಲಿ ಜಾಗ ಸಿಕ್ಕಿತು?

ಅಜ್ಜ ಅಜ್ಜಿಯರು ಇಂಥ ಮನೆಗಳಲ್ಲಿರುವ ವಿದ್ಯಾರ್ಥಿಗಳು ಈ ಓದುಗರಲ್ಲೂ ಇದ್ದೇ ಇರುತ್ತಾರೆ. ಮುಂದಿನ ಸಲ ಹೋದಾಗ ‘ಚೆನ್ನಾಗಿದ್ದೀರಾ ಅಜ್ಜಿ?’ ಎಂದು ಕೇಳುವುದರ ಜೊತೆಗೆ ‘ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡಿದಿರಿ?’ ಎಂದೂ ಕೇಳಿ. ಅವರು ಹೇಳಿದ್ದನ್ನು, ಅವರ ಒಪ್ಪಿಗೆಯಿದ್ದರೆ, ತಾರೀಕು ಹಾಕಿ ಬರೆದಿಡಿ. ಟೌನ್‌ಸೆಂಡ್ ನೋಡಿದ ಮನೆಗಳನ್ನು ನಾಲ್ಕೂವರೆ ದಶಕಗಳ ಮೇಲೆ ಮತ್ತೆ ಹುಡುಕಿದವರಿಗೆ ದಾರಿ ತೋರಿಸಿದ್ದು ಅಂಥ ಬರವಣಿಗೆಯೇ.