ಟೊರೆಯಾ ವೃಕ್ಷದ ಸಂತಾನ

ನಾನು ಈ ದಿನ ಹೇಳಹೊರಟಿರುವುದು ಯಾವ ಅರಸುಮನೆತನದ ಚರಿತ್ರೆಯೂ ಅಲ್ಲ, ಒಂದು ಮರದ ಚರಿತ್ರೆ. ಅಮೆರಿಕಾದ ಫ್ಲಾರಿಡಾದಲ್ಲಿಯೂ ಅದಕ್ಕೆ ಹೊಂದಿದ ಜಾರ್ಜಿಯಾದ ಅಂಚಿನಲ್ಲಿಯೂ, ಅಪಲಾಚಿಕೋಲಾ ನದಿಯ ಕಡಿದಾದ ಕಣಿವೆಗಳಲ್ಲಿ ಮಾತ್ರವೇ ಇದರ ಹುಟ್ಟು. 1830ರ ದಶಕದಲ್ಲಿ ಹಾರ್ಡಿ ಕ್ರೂಮ್ ಎಂಬ ತೋಟಗಳ ಒಡೆಯನು ಇದನ್ನು ಕಂಡು, ಮಾದರಿಗಳನ್ನು ನ್ಯೂಯಾರ್ಕಿನ ಸಸ್ಯಶಾಸ್ತ್ರಜ್ಞನಾದ ಜಾನ್ ಟೊರೆಗೆ ಕಳುಹಿಸಿದನು. ಟೊರೆಯ ಹೆಸರೇ ಮರಕ್ಕೆ ನಿಂತಿತು. ಪಾಪ, ಕ್ರೂಮನು 1837ರಲ್ಲಿ ಹಡಗೊಡೆದು ಹೆಂಡತಿ ಮಕ್ಕಳೊಡನೆ ಸಮುದ್ರದ ಪಾಲಾದನು. ಎಲೆಯನ್ನು ಹೊಸಕಿದರೆ ದುರ್ಗಂಧ ಬರುವುದರಿಂದ ಅಲ್ಲಿಯ ಜನ ಇದನ್ನು 'ನಾರುವ ದೇವದಾರು' ಎಂದು ಕರೆದರು. ಮೂಗು ಮುಚ್ಚಿಕೊಂಡರೇ ಹೊರತು ಕೊಡಲಿಯನ್ನು ಕೆಳಗಿಡಲಿಲ್ಲ. ಬೇಲಿಯ ಕಂಬಕ್ಕೂ ಉಗಿಹಡಗಿನ ಸೌದೆಗೂ ಕಡಿದರು. 1875ರಲ್ಲಿ ಹಾರ್ವರ್ಡಿನ ಏಸಾ ಗ್ರೇ ಪಂಡಿತನು ಯಾತ್ರಿಕನಂತೆ ಹೋಗಿ ಇದರ ದರ್ಶನ ಮಾಡಿ ಬಂದನು.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಕೊಡಲಿಗಿಂತ ಕ್ರೂರವಾದ ವ್ಯಾಧಿಯೊಂದು ತಗುಲಿ, ಬೆಳೆದ ಮರಗಳೆಲ್ಲ ಒಣಗಿದುವು. ಬುಡದಿಂದ ಚಿಗುರೇನೋ ಏಳುತ್ತದೆ. ಬೀಜ ಬಿಡುವ ಪ್ರಾಯಕ್ಕೆ ಮುನ್ನವೇ ಅದೂ ಸಾಯುತ್ತದೆ. 1984ರಲ್ಲಿ ಸರಕಾರವು ಈ ಮರವನ್ನು ಅಳಿಯುತ್ತಿರುವ ಜಾತಿಗಳ ಪಟ್ಟಿಗೆ ಸೇರಿಸಿತು. ರೋಗಕಾರಕವಾದ ಶಿಲೀಂಧ್ರಕ್ಕೆ ಹೆಸರಿಟ್ಟುದು 2013ರಲ್ಲಿ!

ಇಷ್ಟರಲ್ಲಿ ಬೇರೊಂದು ಕಡೆ ಬೇರೊಂದು ಕಥೆ ನಡೆದಿತ್ತು. 1939ರಲ್ಲಿ ಚಾನ್ಸಿ ಬೀಡ್ಲ್ ಎಂಬುವನು ತವರಿನಿಂದ ನೂರಾರು ಮೈಲಿ ಉತ್ತರಕ್ಕಿರುವ ನಾರ್ತ್ ಕೆರೊಲಿನಾದ ಗುಡ್ಡನಾಡಿನಲ್ಲಿ, ಬಿಲ್ಟ್‌ಮೋರ್ ಎಸ್ಟೇಟಿನಲ್ಲಿ, ಈ ಜಾತಿಯ ಕೆಲವು ಗಿಡಗಳನ್ನು ನೆಡಿಸಿದ್ದನು. ಅವು ಚಳಿಗೆ ಬೆದರದೆ ಬೆಳೆದು ಬೀಜ ಬಿಟ್ಟುವು. ಯಾರೂ ಬಿತ್ತದ ಸಸಿಗಳು ತಾವಾಗಿಯೇ ಎದ್ದುವು. ಇವು ವನಕ್ಕೆ ಮಕ್ಕಳೋ, ಕರೆಯದೆ ಬಂದ ಅತಿಥಿಗಳೋ?

2004ರಲ್ಲಿ ಕಾನಿ ಬಾರ್ಲೊ ಮತ್ತು ಪಾಲ್ ಮಾರ್ಟಿನ್ ಎಂಬವರು, ಹಿಮಯುಗದಲ್ಲಿ ದಕ್ಷಿಣಕ್ಕೆ ಓಡಿಬಂದ ಈ ಮರವು ಹಿಂದಿರುಗಲಾರದೆ ಸಿಕ್ಕಿಬಿದ್ದಿದೆ, ಆದುದರಿಂದ ಉತ್ತರಕ್ಕೆ ಒಯ್ಯಬೇಕೆಂದು ವಾದಿಸಿದರು. ಹಾಗೆ ಒಯ್ಯುವುದು ಸಲ್ಲದೆಂದು ಮಾರ್ಕ್ ಶ್ವಾರ್ಟ್ಸ್ ಎಂಬ ವಿದ್ವಾಂಸನು ವಿರೋಧಿಸಿದನು. 2008ರಲ್ಲಿ ಬಾರ್ಲೊ ಪಕ್ಷದವರು ಕೆರೊಲಿನಾದ ಖಾಸಗಿ ಜಮೀನುಗಳಲ್ಲಿ 31 ಸಸಿಗಳನ್ನು ನೆಟ್ಟೇಬಿಟ್ಟರು.

ಶ್ವಾರ್ಟ್ಸನ ಅಂಜಿಕೆ ನಿರಾಧಾರವಲ್ಲ; ಒಂದಕ್ಕೆ ಒಪ್ಪಿದರೆ ನಾಳೆ ಯಾವ ಗಿಡವನ್ನು ಎಲ್ಲಿಗೆ ಬೇಕಾದರೂ ಒಯ್ಯುವವರಿಗೆ ತಡೆಯೆಲ್ಲಿ? ಆದರೂ ತಾನಾಗಿ ಎದ್ದ ಸಸಿಯನ್ನು ಕೀಳುವುದಕ್ಕೆ ನನ್ನ ಮನಸ್ಸು ಒಪ್ಪದು. ಎಣಿಸದೆ ಬಿಡುವುದೂ ತಪ್ಪೇ. ಪ್ರತಿಯೊಂದಕ್ಕೂ ಗುರುತುಪಟ್ಟಿ ಕಟ್ಟಿ ತಾಯಿಮರವನ್ನು ಬರೆದಿಡಬೇಕು. ಈ ಜಾತಿಯಲ್ಲಿ ಸಾಮಾನ್ಯವಾಗಿ ಗಂಡು ಬೇರೆ, ಹೆಣ್ಣು ಬೇರೆ. ಫಲಕಾಲ ಬರುವವರೆಗೆ ಭೇದ ತಿಳಿಯದು. ಆದುದರಿಂದ ದಟ್ಟಣೆ ಕಳೆಯಲು ಅವಸರಪಟ್ಟರೆ ಒಂದು ಲಿಂಗವೇ ಇಲ್ಲವಾದೀತು. ಮಿಕ್ಕ ಸಸಿಗಳನ್ನು ರೋಗಪರೀಕ್ಷೆಯಾದ ಬಳಿಕ ಬೇರೆ ತೋಟಗಳಿಗೆ ಕೊಡಬಹುದು. ಫ್ಲಾರಿಡಾಕ್ಕಂತೂ ಈಗಲೇ ಬೇಡ, ವ್ಯಾಧಿಯು ಅಲ್ಲಿಯೇ ಕಾದಿದೆ. ಬಿಲ್ಟ್‌ಮೋರಿನ ಸಸಿಗಳಿಗೆಲ್ಲ ಹೆತ್ತವರು ಬೆರಳೆಣಿಕೆಯವರು. ಅಟ್ಲಾಂಟಾದ ಸಸ್ಯೋದ್ಯಾನದಲ್ಲಿ ಕಾಡಿನ ಮರಗಳ ಕಡ್ಡಿಗಳಿಂದಲೇ ಬೇರುಬಿಡಿಸಿ ಬೆಳೆಸಿದ ಸಂಗ್ರಹವೊಂದಿದೆ; ಅವುಗಳೊಡನೆ ಇವನ್ನು ಕೂಡಿಸಿದರೆ ವಂಶಕ್ಕೆ ಸ್ವಲ್ಪ ವಿಸ್ತಾರ ಬಂದೀತು.